ಹೊಟ್ಟು, ನವೆ, ಮೂಗಿನ ಪಕ್ಕದ ಸಿಪ್ಪೆ: ಪಥ್ಯವೋ, ಗುಳಿಗೆಯೋ, ದಿನಚರಿಯೋ?

ತಲೆ ಒಣಗಿದ್ದಕ್ಕೇ ಹೊಟ್ಟು ಏಳುತ್ತಿದೆ, ಚೆನ್ನಾಗಿ ಎಣ್ಣೆ ತಟ್ಟಿದರೆ ಸರಿಹೋಗುತ್ತದೆ ಎನ್ನುವುದು ಮನೆಮನೆಯ ಮಾತು. ಬರೀ ಒಣಚರ್ಮಕ್ಕೆ ಅದು ಸರಿಯೇ. ಆದರೆ ಹೊಟ್ಟು ಹಳದಿಯಾಗಿ ಜಿಡ್ಡುಜಿಡ್ಡಾಗಿದ್ದು, ಹುಬ್ಬಿನೊಳಗೆ, ಮೂಗಿನ ಇಕ್ಕೆಲಗಳಲ್ಲಿ, ಕಿವಿಯ ಹಿಂದೆ, ಗಡ್ಡದ ಬುಡದಲ್ಲಿ, ಕೆಲವರಿಗೆ ಎದೆಯ ನಡುವೆಯೂ ಸಿಪ್ಪೆ ಏಳುತ್ತಿದ್ದರೆ ಅದು ಬಹುಮಟ್ಟಿಗೆ ಸೆಬೊರಿಕ್ ಡರ್ಮಟೈಟಿಸ್. ಪುಸ್ತಕದ ಚಿತ್ರಗಳಲ್ಲಿ ಕಾಣುವ ಕೆಂಪು ನಮ್ಮ ಎಣ್ಣೆಗಪ್ಪು ಮೈಬಣ್ಣದಲ್ಲಿ ಅಷ್ಟಾಗಿ ಎದ್ದು ಕಾಣುವುದಿಲ್ಲ. ಬದಲಿಗೆ ಆ ಜಾಗ ಸುತ್ತಲಿಗಿಂತ ತಿಳಿಯಾಗುತ್ತದೆ, ತೊನ್ನು ಎಂದು ಹೆದರಿ ಓಡುವವರೂ ಇದ್ದಾರೆ.

ಈ ಕಾಯಿಲೆ ಜಿಡ್ಡು ಸಾಲದೆ ಬರುವುದಲ್ಲ, ಜಿಡ್ಡಿರುವ ಕಡೆಯೇ ಬರುವುದು. ಎಲ್ಲರ ಚರ್ಮದ ಮೇಲೂ ಮಲಸೀಜಿಯಾ ಎಂಬ ಯೀಸ್ಟ್ (ಕಣ್ಣಿಗೆ ಕಾಣದ ಒಂದು ಬಗೆಯ ಶಿಲೀಂಧ್ರ) ಇರುತ್ತದೆ. ತನಗೆ ಬೇಕಾದ ಕೊಬ್ಬಿನಾಮ್ಲವನ್ನು ಅದು ತಾನೇ ತಯಾರಿಸಿಕೊಳ್ಳಲಾರದು, ಚರ್ಮದ ಜಿಡ್ಡನ್ನು ಒಡೆದು ತಿನ್ನುತ್ತದೆ. ಒಡೆದಾಗ ಉಳಿಯುವ ಓಲಿಕ್ ಆಮ್ಲ ಚರ್ಮದೊಳಕ್ಕೆ ಇಳಿಯುತ್ತದೆ. ಕೆಲವರ ಚರ್ಮ ಅದನ್ನು ಸಹಿಸಿಕೊಳ್ಳುತ್ತದೆ, ಕೆಲವರದು ಸಿಟ್ಟಾಗುತ್ತದೆ: ನವೆ, ಉರಿ, ಸಿಪ್ಪೆ. ಅಂದರೆ ಮೂರು ಸಂಗತಿ ಕೂಡಬೇಕು, ಜಿಡ್ಡು, ಯೀಸ್ಟ್, ಮತ್ತು ಸುಲಭವಾಗಿ ಕೆರಳುವ ಚರ್ಮ. ಮೂರನೆಯದು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು, ಹಾಗಾಗಿ ಬುಡಸಮೇತ ಗುಣಪಡಿಸುತ್ತೇವೆ ಎನ್ನುವ ಜಾಹೀರಾತುಗಳನ್ನು ನಂಬಬೇಡಿ. ಹತೋಟಿಯಲ್ಲಿ ಇಡಬಹುದು, ವರ್ಷಗಟ್ಟಲೆ ಕಾಣದಂತೆಯೂ ಇಡಬಹುದು.

ಯಾವ ದಾರಿಗೆ ಎಷ್ಟು ದುಡ್ಡು, ಎಷ್ಟು ಶ್ರಮ ಹಾಕಬೇಕು ಎಂಬುದೇ ಇಲ್ಲಿನ ಪ್ರಶ್ನೆ. ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಚರ್ಮಕ್ಕೆ ಏನು ಹಚ್ಚುತ್ತೀರಿ, ಹೇಗೆ ತೊಳೆಯುತ್ತೀರಿ ಎಂಬುದಕ್ಕೆ ಮೊದಲ ಸ್ಥಾನ. ನಿದ್ದೆ, ಬೆವರು, ಒತ್ತಡಕ್ಕೆ ಎರಡನೆಯದು. ಊಟಕ್ಕೆ ಮೂರನೆಯದು, ಅದರಲ್ಲೂ ಬಿಡುವುದಕ್ಕಿಂತ ಸೇರಿಸುವುದು ಮೇಲು. ಗುಳಿಗೆಗೆ ಕೊನೆಯ ಸ್ಥಾನ, ಅದೂ ಕೊರತೆ ಇದ್ದರೆ ಮಾತ್ರ. ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಾರೆ, ಕೂದಲಿನ ಗುಳಿಗೆಯ ಡಬ್ಬಿಯಿಂದ ಶುರು.

ಯಾವ ಎಣ್ಣೆ, ಎಷ್ಟು ಹೊತ್ತು

ಮಲಸೀಜಿಯಾಗೆ ರುಚಿಸುವುದು ಸರಿಸುಮಾರು 11ರಿಂದ 24 ಇಂಗಾಲದ ಸರಪಳಿಯ ಕೊಬ್ಬಿನಾಮ್ಲಗಳು. ನಮ್ಮ ಅಡುಗೆಮನೆಯ ಎಣ್ಣೆಗಳೆಲ್ಲ ಈ ಲೆಕ್ಕದೊಳಗೇ ಬರುತ್ತವೆ. ಇವುಗಳಲ್ಲಿ ಎಲ್ಲಕ್ಕಿಂತ ಕೆಟ್ಟ ಆಯ್ಕೆ ಆಲಿವ್ ಎಣ್ಣೆ. ಅದರ ಮುಕ್ಕಾಲು ಪಾಲು ಓಲಿಕ್ ಆಮ್ಲವೇ. ಪ್ರಯೋಗಾಲಯದಲ್ಲಿ ಈ ಯೀಸ್ಟ್ ಬೆಳೆಸಬೇಕಾದಾಗ ಆಹಾರದ ಮೇಲೆ ಸುರಿಯುವುದೂ ಅದನ್ನೇ. ಕೊಬ್ಬರಿ ಎಣ್ಣೆಯ ಕತೆ ಸ್ವಲ್ಪ ಬೇರೆ. ಅದರ ಅರ್ಧದಷ್ಟು ಲಾರಿಕ್ ಆಮ್ಲ, 12 ಇಂಗಾಲದ್ದು. ಸೂಕ್ಷ್ಮಾಣುಗಳನ್ನು ತಡೆಯುವ ಗುಣ ಅದಕ್ಕೆ ಒಂದಿಷ್ಟು ಇದೆ, ಆದರೆ ಯೀಸ್ಟಿನ ಊಟದ ಪಟ್ಟಿಯೊಳಗೂ ಇದೆ. ಕೆಲವರಿಗೆ ಏನೂ ಆಗದು, ಕೆಲವರಿಗೆ ಹಚ್ಚಿದ ಮರುದಿನವೇ ನವೆ.

ಯೀಸ್ಟ್ ತಿನ್ನಲಾರದ ಎಣ್ಣೆಗಳೂ ಇವೆ. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಫಿನ್ ಅವುಗಳಲ್ಲಿ ಅಗ್ಗದ್ದು (ಹಲವು ಬೇಬಿ ಆಯಿಲ್‌ಗಳೂ ಅದೇ, ಲೇಬಲ್ ನೋಡಿ). ಮುಖಕ್ಕೆ ಹಚ್ಚಲು ಸ್ಕ್ವಾಲೇನ್ ಹಗುರ. ಎಂಸಿಟಿ ಎಣ್ಣೆಯೂ (ಮಧ್ಯಮ ಉದ್ದದ ಸರಪಳಿಯ ಕೊಬ್ಬು) ಆಗುತ್ತದೆ, ಆದರೆ ಅದರಲ್ಲಿ 8 ಮತ್ತು 10 ಇಂಗಾಲದವು, ಅಂದರೆ ಸಿ8, ಸಿ10 ಮಾತ್ರ ಇರಬೇಕು. ಕೆಲವು ಬಾಟಲಿಗಳಲ್ಲಿ ಸಿ12 ಬೆರೆತಿರುತ್ತದೆ, ಹಾಗಿದ್ದರೆ ಅಷ್ಟು ದುಡ್ಡು ಕೊಟ್ಟದ್ದು ವ್ಯರ್ಥ.

ಹಾಗೆಂದು ಎಣ್ಣೆಸ್ನಾನ ಬಿಡಬೇಕಿಲ್ಲ. ದೀಪಾವಳಿಯ ಬೆಳಗ್ಗೆ ಹಚ್ಚಿ ಅರ್ಧ ಗಂಟೆಯೊಳಗೆ ತೊಳೆದುಕೊಂಡರೆ ಏನೂ ಆಗುವುದಿಲ್ಲ. ತೊಂದರೆ ಇರುವುದು ರಾತ್ರಿ ಹಚ್ಚಿ ದಿಂಬಿಗೆ ತಲೆ ಕೊಡುವುದರಲ್ಲಿ, ಇಲ್ಲವೇ ಬೆಳಗ್ಗೆ ಹಚ್ಚಿ ಬಾಚಿಕೊಂಡು ದಿನವಿಡೀ ಹಾಗೇ ಇರುವುದರಲ್ಲಿ. ನೆತ್ತಿಯಲ್ಲಿ ದಪ್ಪ ಹಕ್ಕಳೆ ಕಟ್ಟಿದ್ದರೆ ಉಗುರಿನಿಂದ ಕೀಳಬೇಡಿ, ಕೂದಲೂ ಕಿತ್ತುಬರುತ್ತದೆ, ಗಾಯವೂ ಆಗುತ್ತದೆ. 2 ಚಮಚ ಲಿಕ್ವಿಡ್ ಪ್ಯಾರಫಿನ್ ಬುಡಕ್ಕೆ ಸವರಿ 20–30 ನಿಮಿಷ ಬಿಟ್ಟು, ಮೆತ್ತಗಾದ ಮೇಲೆ ಶಾಂಪೂ ಹಾಕಿ.

ಸೀಗೆಯೋ, ಶಾಂಪೂವೋ

ಸೀಗೆಕಾಯಿ ಜಿಡ್ಡು ತೆಗೆಯುತ್ತದೆ, ಆದರೆ ಯೀಸ್ಟನ್ನು ತಗ್ಗಿಸುವ ವಿಷಯದಲ್ಲಿ ಔಷಧದ ಶಾಂಪೂಗೆ ಸಮವಲ್ಲ. ಪುಡಿಯನ್ನು ನೇರವಾಗಿ ತಲೆಗೆ ತಿಕ್ಕುವವರು ಇನ್ನೊಂದು ತಪ್ಪು ಮಾಡುತ್ತಾರೆ. ತರಿ ಕೂದಲ ಬುಡದಲ್ಲಿ ಕೂತು ಗೀರುತ್ತದೆ, ಒಣಗಿದ ಮೇಲೆ ಹೊಟ್ಟಿನಂತೆಯೇ ಉದುರುತ್ತದೆ. ಬಳಸುವುದಾದರೆ ರಾತ್ರಿ ನೆನೆಸಿ, ಬೆಳಗ್ಗೆ ಕುದಿಸಿ, ಬಟ್ಟೆಯಲ್ಲಿ ಸೋಸಿದ ನೀರು ಮಾತ್ರ. ಅಂಟುವಾಳದ ನೊರೆ ಹೆಚ್ಚು, ಕಣ್ಣುರಿಯೂ ಹೆಚ್ಚು. ಹೆಸರುಹಿಟ್ಟು ಉದ್ದ ಕೂದಲಿನಲ್ಲಿ ಪೂರ್ತಿ ಹೋಗುವುದೇ ಇಲ್ಲ.

ರೋಗ ಕೆರಳಿರುವಾಗ ಇವೆಲ್ಲವನ್ನೂ ಪಕ್ಕಕ್ಕಿಟ್ಟು ಕೀಟೋಕೊನಜೋಲ್ 2% ಶಾಂಪೂ ಹಿಡಿಯುವುದು ವಾಸಿ. ವಾರಕ್ಕೆ 2 ಸಲ, 4 ವಾರ. ಮೊದಲು ಸಾಮಾನ್ಯ ಶಾಂಪೂವಿನಿಂದ ಜಿಡ್ಡು, ಧೂಳು ತೆಗೆಯಿರಿ. ಆಮೇಲೆ ಔಷಧದ ಶಾಂಪೂವನ್ನು ಕೂದಲಿಗಲ್ಲ, ಬೈತಲೆ ತೆಗೆದುತೆಗೆದು ಬುಡಕ್ಕೆ ಮುಟ್ಟಿಸಿ, 5 ನಿಮಿಷ ಬಿಟ್ಟು ತೊಳೆಯಿರಿ. ಅದೇ ನೊರೆಯನ್ನು ಹುಬ್ಬಿಗೆ, ಗಡ್ಡಕ್ಕೆ, ಕಿವಿಯ ಹಿಂದೆಯೂ ಸವರಬಹುದು. ಶಾಂಪೂ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಆ 5 ನಿಮಿಷ ಕಾದಿರುವುದಿಲ್ಲ, ಹಚ್ಚಿದ ಕೂಡಲೇ ಸುರಿದುಕೊಂಡಿರುತ್ತಾರೆ. ಇನ್ನೊಂದು ತಪ್ಪು, ವಾಸಿಯಾದ ದಿನವೇ ನಿಲ್ಲಿಸುವುದು. 4 ವಾರ ಮುಗಿದ ಮೇಲೂ ವಾರಕ್ಕೊಮ್ಮೆ ಅಥವಾ 15 ದಿನಕ್ಕೊಮ್ಮೆ ಮುಂದುವರಿಸಬೇಕು. ಸೆಲೆನಿಯಂ ಸಲ್ಫೈಡ್ ಕೂಡ ಅಷ್ಟೇ ಕೆಲಸ ಮಾಡುತ್ತದೆ, ಆದರೆ ಬಣ್ಣ ಹಾಕಿದ ಅಥವಾ ನರೆತ ಕೂದಲು ಬಣ್ಣಗೆಡಬಹುದು. ಜಿಂಕ್ ಪೈರಿಥಿಯೋನ್ ಹಗುರವಾದದ್ದು, ಸಾಧಾರಣ ಹೊಟ್ಟಿಗೆ ಸಾಕು. ಐರೋಪ್ಯ ಒಕ್ಕೂಟದ ದೇಶಗಳಲ್ಲಿರುವ ಕನ್ನಡಿಗರಿಗೆ ಇದು ಅಂಗಡಿಯಲ್ಲಿ ಸಿಗದು, 2022ರ ಮಾರ್ಚ್‌ನಿಂದ ಅಲ್ಲಿ ಸೌಂದರ್ಯವರ್ಧಕಗಳಲ್ಲಿ ಅದನ್ನು ನಿಷೇಧಿಸಿದ್ದಾರೆ. ಅಲ್ಲಿ ಪಿರೋಕ್ಟೋನ್ ಒಲಾಮಿನ್ ಇರುವುದನ್ನು ಹುಡುಕಿ.

ಬೋರ್‌ವೆಲ್ಲಿನ ಗಡಸು ನೀರು ಇರುವ ಬಡಾವಣೆಗಳಲ್ಲಿ ಸೋಪಿನಿಂದ ತಲೆ ತೊಳೆದರೆ ಬಿಳಿ ಕಸರು ಬುಡದಲ್ಲಿ ಉಳಿಯುತ್ತದೆ. ಶಾಂಪೂವಿಗೆ ಆ ತೊಂದರೆ ಕಡಿಮೆ. ಹಬೆಯಾಡುವ ಬಿಸಿನೀರನ್ನು ತಲೆಗೂ ಮುಖಕ್ಕೂ ಸುರಿಯಬೇಡಿ, ಉಗುರುಬೆಚ್ಚಗಿದ್ದರೆ ಸಾಕು.

ಮನೆಮದ್ದುಗಳಲ್ಲಿ ಪರೀಕ್ಷೆಗೆ ಒಳಪಟ್ಟವು ಬೆರಳೆಣಿಕೆ. ಜೇನು ಅವುಗಳಲ್ಲೊಂದು. 2001ರಲ್ಲಿ ಪ್ರಕಟವಾದ 30 ಜನರ ಒಂದು ಸಣ್ಣ ಪ್ರಯೋಗದಲ್ಲಿ 90% ಜೇನಿಗೆ ಸ್ವಲ್ಪ ಬೆಚ್ಚನೆ ನೀರು ಬೆರೆಸಿ, ದಿನ ಬಿಟ್ಟು ದಿನ 2–3 ನಿಮಿಷ ತಿಕ್ಕಿ, 3 ಗಂಟೆ ಬಿಟ್ಟು ತೊಳೆದಾಗ 4 ವಾರದಲ್ಲಿ ಗುಣ ಕಂಡಿತು. ಆಮೇಲೆ ವಾರಕ್ಕೊಮ್ಮೆ ಹಚ್ಚುತ್ತಾ ಹೋದವರಲ್ಲಿ 6 ತಿಂಗಳು ಮರುಕಳಿಸಲಿಲ್ಲ. ಮೂಗಿನ ಪಕ್ಕಕ್ಕೆ, ಬೋಳುತಲೆಗೆ ಇದು ಆದೀತು. ಮೊಣಕಾಲುದ್ದ ಜಡೆಗೆ 3 ಗಂಟೆ ಜೇನು ಮೆತ್ತಿಕೊಂಡು ಕೂತರೆ ಇರುವೆಗಳಿಗೇ ಹಬ್ಬ. ಟೀ ಟ್ರೀ ಎಣ್ಣೆಯ 5% ಶಾಂಪೂವನ್ನು 126 ಜನರ ಮೇಲೆ 4 ವಾರ ಪರೀಕ್ಷಿಸಿದಾಗ ಹೊಟ್ಟು 41% ತಗ್ಗಿತು, ಔಷಧವಿಲ್ಲದ ಶಾಂಪೂವಿನಲ್ಲಿ 11%. ಆ ಎಣ್ಣೆಯನ್ನು ತೆಳುವಾಗಿಸದೆ ಹಾಗೇ ಹಚ್ಚಿದರೆ ಮಾತ್ರ ಚರ್ಮ ಸುಡುತ್ತದೆ. ನಿಂಬೆರಸ ಕೆರಳಿದ ಚರ್ಮಕ್ಕೆ ಬೇಡವೇ ಬೇಡ. ಕೆನೆಮೊಸರಿನ ಕೊಬ್ಬು ಬುಡದಲ್ಲೇ ಉಳಿಯುತ್ತದೆ.

ಪಥ್ಯ: ಬಿಡುವುದೋ, ಸೇರಿಸುವುದೋ

ಯೀಸ್ಟ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಹಲವರು ಇಡ್ಲಿ, ದೋಸೆ, ಬ್ರೆಡ್ಡು ಬಿಡುತ್ತಾರೆ. ಇದಕ್ಕೆ ಬುಡವಿಲ್ಲ. ಇಡ್ಲಿ ಹಿಟ್ಟು ಹುದುಗುವುದು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲ ಉಂಟುಮಾಡುವ ಬ್ಯಾಕ್ಟೀರಿಯಾಗಳಿಂದ, ಮೇಲಾಗಿ ಅದು ಬೆಂದು ಬರುತ್ತದೆ. ಮಲಸೀಜಿಯಾ ಇರುವುದು ಚರ್ಮದ ಮೇಲೆ, ಅದಕ್ಕೆ ಬೇಕಾದದ್ದು ಕೊಬ್ಬು. ಹೊಟ್ಟೆಗೆ ಹೋದ ಹುಳಿಹಿಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಸಕ್ಕರೆಯ ವಿಚಾರದಲ್ಲಿ ವಾದ ಸ್ವಲ್ಪ ಗಟ್ಟಿ. ರಕ್ತದ ಸಕ್ಕರೆಯನ್ನು ಸರ್ರನೆ ಏರಿಸುವ ತಿನಿಸು ಇನ್ಸುಲಿನ್ ಏರಿಸುತ್ತದೆ, ಅದು ಜಿಡ್ಡಿನ ಗ್ರಂಥಿಗಳನ್ನು ಚುರುಕಾಗಿಸುತ್ತದೆ. ಆದರೆ ಇದಕ್ಕೆ ಪುರಾವೆ ಇರುವುದು ಮೊಡವೆಯ ವಿಷಯದಲ್ಲಿ. ಕಡಿಮೆ ಮಾಡಿದರೆ ನಷ್ಟವೇನೂ ಇಲ್ಲವಾದ್ದರಿಂದ ಮಾಡಿ. ದಿನಕ್ಕೆ 4 ಲೋಟ ಕಾಫಿಗೆ ಎರಡೆರಡು ಚಮಚ ಹಾಕುವವರ ಹೊಟ್ಟೆಗೆ ಅದರಿಂದಲೇ 35–40 ಗ್ರಾಂ ಸಕ್ಕರೆ ಹೋಗುತ್ತದೆ. ಶುರುಮಾಡಲು ಅದೇ ಸುಲಭದ ಜಾಗ.

ಹಾಲು ಬಿಡುವುದರಲ್ಲಿ ಒಂದು ಹೊಂಡವಿದೆ. ಹಾಲು ಬಿಟ್ಟರೆ ಈ ಕಾಯಿಲೆ ತಗ್ಗುತ್ತದೆ ಎನ್ನಲು ಗಟ್ಟಿ ಪ್ರಯೋಗವೇ ಇಲ್ಲ. ಆದರೆ ಮೊಟ್ಟೆ, ಮೀನು ತಿನ್ನದ ಮನೆಗಳಲ್ಲಿ ಬಿ2 (ರೈಬೋಫ್ಲೇವಿನ್), ಬಿ12 ಸಿಗುವ ಮುಖ್ಯ ದಾರಿ ಹಾಲು, ಮೊಸರು, ಮಜ್ಜಿಗೆ. ಬಿ2 ಕೊರತೆಯಾದರೆ ಏನಾಗುತ್ತದೆ? ಮೂಗಿನ ಇಕ್ಕೆಲಗಳಲ್ಲಿ ಜಿಡ್ಡುಸಿಪ್ಪೆ ಏಳುತ್ತದೆ, ಬಾಯಿಯ ಮೂಲೆ ಸೀಳುತ್ತದೆ, ನಾಲಿಗೆ ಕೆನ್ನೀಲಿಗೆ ತಿರುಗಿ ಉರಿಯುತ್ತದೆ. ನೋಡಲು ಸೆಬೊರಿಕ್ ಡರ್ಮಟೈಟಿಸ್‌ನಂತೆಯೇ. ಬಿ6 ಕೊರತೆಯೂ ಹೀಗೇ ವೇಷ ಹಾಕುತ್ತದೆ. ಸಿಪ್ಪೆ ಹೋಗಲೆಂದು ಹಾಲು ಬಿಟ್ಟು, ಬಿಟ್ಟದ್ದರಿಂದಲೇ ಸಿಪ್ಪೆ ತಂದುಕೊಂಡಂತೆ ಆಗಬಾರದು. ಆದ್ದರಿಂದ ಶುದ್ಧ ಸಸ್ಯಾಹಾರಿಗಳಿಗೆ ನಮ್ಮ ಸಲಹೆ, ಹಾಲನ್ನು ಬಿಡಬೇಡಿ. ಮೂಗಿನ ಸಿಪ್ಪೆಯ ಜೊತೆ ಬಾಯಿಯ ಮೂಲೆಯೂ ಸೀಳಿದ್ದರೆ, ಪಾಲಿಶ್ ಮಾಡಿದ ಅಕ್ಕಿಯ ಅನ್ನವೇ ಊಟವಾಗಿದ್ದರೆ, ಕುಡಿತವಿದ್ದರೆ, ಬಿ2 ಕೊರತೆಯನ್ನೇ ಮೊದಲು ಶಂಕಿಸಿ. ಮಜ್ಜಿಗೆ, ಮೊಟ್ಟೆ, ಸೊಪ್ಪು, ಬಾದಾಮಿ ಮತ್ತು ವೈದ್ಯರು ಹೇಳಿದಷ್ಟು ದಿನ ಬಿ-ಕಾಂಪ್ಲೆಕ್ಸ್. ಇಲ್ಲಿ ಮಾತ್ರ ಊಟವೇ ಔಷಧ.

ಸೇರಿಸುವುದರಲ್ಲಿ ಹಣ್ಣಿಗೆ ನಮ್ಮ ಓಟು. ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಅಧ್ಯಯನದಲ್ಲಿ (ಪ್ರಕಟಣೆ 2019) ನಡುವಯಸ್ಸು ದಾಟಿದ 4,379 ಜನರ ಊಟ ಮತ್ತು ಚರ್ಮವನ್ನು ನೋಡಿದರು, 636 ಮಂದಿಗೆ ಈ ಕಾಯಿಲೆ ಇತ್ತು. ಹೆಚ್ಚು ಹಣ್ಣು ತಿನ್ನುವವರಲ್ಲಿ ಅದು ಸುಮಾರು 25% ಕಡಿಮೆ. ಪಾಶ್ಚಾತ್ಯ ಬಗೆಯ ಊಟ ಹೆಚ್ಚಿದ್ದ ಹೆಂಗಸರಲ್ಲಿ 47% ಹೆಚ್ಚು. ಇದು ಗಮನಿಸಿ ಬರೆದ ಲೆಕ್ಕ, ಹಣ್ಣು ತಿನ್ನಿಸಿ ನೋಡಿದ ಪ್ರಯೋಗವಲ್ಲ. ಹಣ್ಣು ತಿನ್ನುವವರು ಬೇರೆ ರೀತಿಯಲ್ಲೂ ಎಚ್ಚರದಿಂದಿರಬಹುದು. ಆದರೂ ಖರ್ಚು ಕಡಿಮೆ, ಅಪಾಯವಿಲ್ಲ. ದಿನಕ್ಕೆ ಎರಡು ಪಾಲು: ಒಂದು ಸೀಬೆಹಣ್ಣು ಮತ್ತು ಒಂದು ಬಟ್ಟಲು ಪರಂಗಿ, ಅಥವಾ ಎರಡು ಏಲಕ್ಕಿ ಬಾಳೆ ಮತ್ತು ಒಂದು ಕಿತ್ತಳೆ. ಜ್ಯೂಸ್ ಇದಕ್ಕೆ ಲೆಕ್ಕವಿಲ್ಲ. ಸಕ್ಕರೆ ಕಾಯಿಲೆ ಇರುವವರು ಸಪೋಟ, ಹಲಸು ಬಿಟ್ಟು ಸೀಬೆ, ಪರಂಗಿ ಹಿಡಿಯಿರಿ.

ಒಮೆಗಾ-3 ಎಂಬ ಒಳ್ಳೆಯ ಕೊಬ್ಬಿಗೆ ಕರಾವಳಿಯವರಿಗೆ ಮೀನಿನ ಅನುಕೂಲವಿದೆ. ಭೂತಾಯಿ, ಬಂಗುಡೆ ವಾರಕ್ಕೆ 2 ಸಲ ಸಾಕು, ಆದರೆ ಕಾದ ಎಣ್ಣೆಯಲ್ಲಿ ಮುಳುಗಿಸಿ ತೆಗೆದದ್ದಲ್ಲ, ಪುಳಿಮುಂಚಿಯಂಥ ಸಾರು. ಸಸ್ಯಾಹಾರಿಗಳು ಅಗಸೆಬೀಜವನ್ನು ಹುರಿದು ಪುಡಿಮಾಡಿ ದಿನಕ್ಕೆ 1 ದೊಡ್ಡ ಚಮಚ ಬಳಸಬಹುದು. ಇಡೀ ಬೀಜ ನುಂಗಿದರೆ ಹಾಗೇ ಹೊರಗೆ ಹೋಗುತ್ತದೆ.

ಗುಳಿಗೆಯ ಡಬ್ಬಿ ತೆರೆಯುವ ಮುನ್ನ

ಬಯೋಟಿನ್‌ (ಬಿ7 ವಿಟಮಿನ್) ನಷ್ಟು ವ್ಯರ್ಥವಾಗಿ ಮಾರಾಟವಾಗುವುದು ಇನ್ನೊಂದಿಲ್ಲ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 30–40 ಮೈಕ್ರೋಗ್ರಾಂ. ಕೂದಲಿನ ಗುಳಿಗೆಗಳಲ್ಲಿ ಇರುವುದು 10 ಮಿಲಿಗ್ರಾಂ, ಅಂದರೆ 250 ಪಟ್ಟು ಅಥವಾ ಇನ್ನೂ ಹೆಚ್ಚು. ದೊಡ್ಡವರ ಸೆಬೊರಿಕ್ ಡರ್ಮಟೈಟಿಸ್‌ಗೆ ಅದರಿಂದ ಪ್ರಯೋಜನವಾದದ್ದಕ್ಕೆ ಪುರಾವೆ ಇಲ್ಲ. ಬದಲಿಗೆ ಥೈರಾಯ್ಡ್ ಪರೀಕ್ಷೆಯ ಅಂಕಿ ಏರುಪೇರಾಗುತ್ತದೆ, ಹೃದಯಾಘಾತ ಪತ್ತೆಮಾಡುವ ಟ್ರೋಪೋನಿನ್ ಪರೀಕ್ಷೆ ಸುಳ್ಳು ಹೇಳಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ಈಗಾಗಲೇ ತಿನ್ನುತ್ತಿದ್ದರೆ ರಕ್ತಪರೀಕ್ಷೆಗೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.

ಜಿಂಕ್ ಅದಕ್ಕಿಂತ ವಾಸಿ. ಈ ಕಾಯಿಲೆಯವರ ರಕ್ತದಲ್ಲಿ ಜಿಂಕ್ ಕಡಿಮೆ ಇದ್ದದ್ದನ್ನು ಕೆಲವು ಅಧ್ಯಯನಗಳು ಕಂಡಿವೆ, ಆದರೆ ಕೊಟ್ಟರೆ ಗುಣವಾಗುತ್ತದೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ದಿನಕ್ಕೆ 40 ಮಿಲಿಗ್ರಾಂ ಮೀರಿ ತಿಂಗಳುಗಟ್ಟಲೆ ತಿಂದರೆ ದೇಹದ ತಾಮ್ರ ಇಳಿಯುತ್ತದೆ, ರಕ್ತಹೀನತೆ, ಪಾದ ಜೋಮು ಹಿಡಿಯುವುದು ಶುರುವಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ. ಕಬ್ಬಿಣದ ಗುಳಿಗೆಯ ಜೊತೆಯಲ್ಲೇ ನುಂಗಿದರೆ ಒಂದನ್ನೊಂದು ತಡೆಯುತ್ತವೆ, 2 ಗಂಟೆ ಅಂತರ ಬೇಕು. 30 ಗ್ರಾಂ ಕುಂಬಳಬೀಜದಲ್ಲಿ 2 ಮಿಲಿಗ್ರಾಂನಷ್ಟು ಜಿಂಕ್ ಸಿಗುತ್ತದೆ, ಎಳ್ಳಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಕಾಳುಗಳನ್ನು ಮೊಳಕೆ ಬರಿಸಿ ತಿಂದರೆ ಅದರೊಳಗಿನ ಜಿಂಕ್ ಹೆಚ್ಚು ಮೈಗೆ ಹತ್ತುತ್ತದೆ.

ವಿಟಮಿನ್ ಡಿ ಮಾತ್ರ ಪರೀಕ್ಷೆ ಮಾಡಿಸಿಯೇ. ಒಂದು ಮಿಲಿಲೀಟರ್ ರಕ್ತದಲ್ಲಿ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರು ಸಾಮಾನ್ಯವಾಗಿ 60,000 ಐಯು ಗುಳಿಗೆಯನ್ನು ವಾರಕ್ಕೊಂದರಂತೆ 8 ವಾರ ಬರೆಯುತ್ತಾರೆ. ಎಂಟು ವಾರದ ಚೀಟಿಯನ್ನೇ ಇಟ್ಟುಕೊಂಡು ವರ್ಷವಿಡೀ ತಿನ್ನುವವರಿದ್ದಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಹೀಗೆಯೇ.

ಮೀನೆಣ್ಣೆಯ 1000 ಮಿಲಿಗ್ರಾಂ ಗುಳಿಗೆಯಲ್ಲಿ ನಿಜವಾದ ಒಮೆಗಾ-3 ಹೆಚ್ಚಾಗಿ 300 ಮಿಲಿಗ್ರಾಂ ಮಾತ್ರ. ದೊಡ್ಡ ಅಕ್ಷರ ನೋಡದೆ ಹಿಂಬದಿಯ ಸಣ್ಣ ಅಕ್ಷರ ಓದಿ. ಪ್ರೋಬಯೋಟಿಕ್‌ಗಳಲ್ಲಿ (ಒಳ್ಳೆಯ ಬ್ಯಾಕ್ಟೀರಿಯಾಗಳ ಗುಳಿಗೆ, ಪುಡಿ) ಒಂದು ತಳಿಯಿಂದ ಹೊಟ್ಟು ತಗ್ಗಿದ್ದು ಸಣ್ಣ ಪ್ರಯೋಗವೊಂದರಲ್ಲಿ ಕಂಡಿದೆ. ಅಂಗಡಿಯ ಯಾವುದೋ ಪೊಟ್ಟಣಕ್ಕೆ ಆ ಗುಣ ಅಂಟಿಸುವುದು ತಪ್ಪು. ಮನೆಯ ಮಜ್ಜಿಗೆ ಕುಡಿಯಿರಿ, ಬೇರೆ ಕಾರಣಗಳಿಗೂ ಒಳ್ಳೆಯದು.

ನಿದ್ದೆ, ಹೆಲ್ಮೆಟ್, ಗಡ್ಡ

ರಾತ್ರಿಪಾಳಿ, ಪರೀಕ್ಷೆಯ ತಿಂಗಳು, ಮನೆಯ ಜಗಳ, ಇವುಗಳ ಬೆನ್ನಿಗೇ ಕಾಯಿಲೆ ಕೆರಳುವುದು ಸಾಮಾನ್ಯ. ಚಳಿಗಾಲದ ಒಣಹವೆಯೂ ಅಷ್ಟೇ; ಬೆಂಗಳೂರಿನ ಡಿಸೆಂಬರ್, ಜನವರಿಗೆ ಮುಂಚೆಯೇ, ನವೆಂಬರ್ ನಡುವಿನಲ್ಲೇ ಶಾಂಪೂವನ್ನು 15 ದಿನಕ್ಕೊಮ್ಮೆಯಿಂದ ವಾರಕ್ಕೊಮ್ಮೆಗೆ ಏರಿಸಿಕೊಳ್ಳಿ. 7 ಗಂಟೆ ನಿದ್ದೆಗೆ ಸಮನಾದ ಗುಳಿಗೆ ಇಲ್ಲ.

ಒದ್ದೆ ತಲೆಗೆ ಹೆಲ್ಮೆಟ್ ಹಾಕಬೇಡಿ. ಒಳಗೆ ತೆಳು ಹತ್ತಿ ಬಟ್ಟೆಯ ಟೋಪಿ ಹಾಕಿಕೊಂಡು ದಿನವೂ ಅದನ್ನು ಒಗೆಯಿರಿ, ಹೆಲ್ಮೆಟ್ಟಿನ ಒಳಗವಸನ್ನು ವಾರಕ್ಕೊಮ್ಮೆ. ದಿಂಬಿನ ಚೀಲ ವಾರಕ್ಕೆ 2 ಸಲ ಬದಲಿಸಿ. ಗಡ್ಡದೊಳಗೆ ಸಿಪ್ಪೆ ಇದ್ದರೆ ಬೋಳಿಸುವುದೇ ಸುಲಭದ ದಾರಿ. ಉಳಿಸಿಕೊಳ್ಳುವುದಾದರೆ ತಲೆಯಂತೆಯೇ ಶಾಂಪೂ ಹಾಕಿ, ಗಡ್ಡದ ಎಣ್ಣೆ ಬಿಡಿ. ಅದು ಹೆಚ್ಚಾಗಿ ಅಡುಗೆ ಎಣ್ಣೆಗಳ ಸುವಾಸನೆಯ ಅವತಾರ.

ಪರೀಕ್ಷಿಸಿ ನೋಡುವ ಬಗೆ

ಈ ಕಾಯಿಲೆ ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಜೋರಾಗಿದ್ದಾಗ ಏನು ಮಾಡಿದರೂ ಎರಡು ವಾರದಲ್ಲಿ ಇಳಿದಂತೆ ಕಾಣುತ್ತದೆ, ಹೊಗಳಿಕೆ ಹೋಗುವುದು ಆಗ ತಿನ್ನುತ್ತಿದ್ದ ಕಷಾಯಕ್ಕೆ. ಆದ್ದರಿಂದ ಶಾಂಪೂವಿನಿಂದ ಮೊದಲು ಹತೋಟಿಗೆ ತನ್ನಿ. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ, 4ರಿಂದ 6 ವಾರ. ವಾರಕ್ಕೊಮ್ಮೆ ಅದೇ ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದು, ನವೆಗೆ 0ರಿಂದ 10ರೊಳಗೆ ಅಂಕ ಬರೆದಿಡಿ. ಒಂದು ತಿನಿಸನ್ನು ಬಿಟ್ಟು ಗುಣ ಕಂಡರೆ ಅಲ್ಲಿಗೇ ನಿಲ್ಲಬೇಡಿ, ಅಷ್ಟೇ ವಾರ ಮತ್ತೆ ತಿಂದು ನೋಡಿ. ಆಗ ಕೆರಳದಿದ್ದರೆ ಆ ತಿನಿಸು ನಿರಪರಾಧಿ.

ಇವುಗಳಿಗೆ ಜಗ್ಗದಿದ್ದರೆ ಚರ್ಮವೈದ್ಯರ ಬಳಿ ಹೋಗಿ. ಬೆಳ್ಳಿಬಣ್ಣದ ದಪ್ಪ ಹೊರಪದರ ಕೂದಲಿನ ಅಂಚು ದಾಟಿ ಹಣೆಗೆ ಇಳಿದಿದ್ದರೆ, ಮೊಣಕೈ, ಮೊಣಕಾಲಿನಲ್ಲೂ ಇದ್ದರೆ ಅದು ಸೋರಿಯಾಸಿಸ್ ಇರಬಹುದು. ಕೂದಲು ತೇಪೆತೇಪೆಯಾಗಿ ಉದುರಿದರೆ ಹುಳುಕಡ್ಡಿ ನೋಡಿಸಬೇಕು. ಇದ್ದಕ್ಕಿದ್ದಂತೆ ಮೈತುಂಬಾ ಹರಡಿದರೆ ಎಚ್‌ಐವಿ ಪರೀಕ್ಷೆಯನ್ನೂ ವೈದ್ಯರು ಹೇಳಬಹುದು. ಹಸುಗೂಸಿನ ನೆತ್ತಿಯ ಹಕ್ಕಳೆಗೆ ಮೇಲಿನ ಯಾವುದೂ ಬೇಡ. ಸ್ವಲ್ಪ ಬೇಬಿ ಆಯಿಲ್, ಮೆತ್ತನೆ ಬ್ರಷ್, ಕೆಲವು ತಿಂಗಳಲ್ಲಿ ತಾನೇ ಹೋಗುತ್ತದೆ.

ಔಷಧಿ ಅಂಗಡಿಯಲ್ಲಿ ಮುಖಕ್ಕೆ ಏನಾದರೂ ಕೊಡಿ ಎಂದು ಮಾತ್ರ ಕೇಳಬೇಡಿ. ಕೈಗೆ ಬರುವುದು ಹೆಚ್ಚಾಗಿ ಸ್ಟೀರಾಯ್ಡ್, ಫಂಗಸ್ ಔಷಧಿ, ಆ್ಯಂಟಿಬಯಾಟಿಕ್ ಮೂರೂ ಬೆರೆಸಿದ ಕ್ರೀಮು. ಮೂರು ದಿನದಲ್ಲಿ ಮುಖ ಫಳಫಳ, ಮೂರು ತಿಂಗಳಲ್ಲಿ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತದೆ, ನಿಲ್ಲಿಸಿದರೆ ಮೊದಲಿಗಿಂತ ಕೆಂಪು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಆದೇಶಿಸಿದ್ದು ಇದಕ್ಕೇ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಎಂದಿದ್ದರೆ ಚೀಟಿ ಇಲ್ಲದೆ ಮುಖಕ್ಕೆ ಮುಟ್ಟಿಸಬೇಡಿ. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಒಮ್ಮೆಲೇ ನಿಲ್ಲಿಸುವ ಬದಲು, ಆ ಟ್ಯೂಬನ್ನೇ ಕೈಯಲ್ಲಿ ಹಿಡಿದುಕೊಂಡು ವೈದ್ಯರಲ್ಲಿಗೆ ಹೋಗಿ.